ಮೀನಿಲ್ಲದ ತೊಟ್ಟಿ

ಕೌಲ್‌ಬಜಾರಿನ ನಮ್ಮ ಒಂದೂವರೆ ಕೋಣೆಯಲ್ಲಿ
ಹದಿನೆಂಟು ದಿನದಿಂದ ಬರೀ ನೀರಿಗೆ ದೀಪ ಹಾಕಿಟ್ಟಿದ್ದೇನೆ.

ಬಂದವರು ಬಗ್ಗಿ ನೋಡುತ್ತಾರೆ:
"ಮೀನೆಲ್ಲಪ್ಪಾ, ಶೇಕ್ಷಾವಲಿ?"
ಮೊದಲು ನೀರು ಪಳಗಬೇಕು, ಅಂತೀನಿ.
ನಗುತ್ತಾರೆ. ಚಹಾ ಕುಡಿದು ಹೋಗುತ್ತಾರೆ.

ಜೀನ್ಸ್ ಕಾರ್ಖಾನೆಯಲ್ಲಿ ಬಣ್ಣ ಕಲಸುವವನು ನಾನು,
ಮೊಣಕೈವರೆಗೂ ನೀಲಿ. ಈ ನೀರಿಗೆ ಕೈ ಇಡುವಂತಿಲ್ಲ.
ಎರಡು ಕ್ಯಾನ್ ಫಿಲ್ಟರ್ ನೀರಿಗೆ ಕೊರಿಯರಿನ ಉಪ್ಪು ಸುರಿದು
ತೇಲುವ ಗಾಜಿನ ಕಡ್ಡಿ ಗೆರೆಗೆ ಬರುವತನಕ
ಕಲಕಿದವಳು ದಿಲ್ಷಾದ್.
ನಾಲಿಗೆಗೆ ಹಚ್ಚಿಕೊಂಡು ಅಂದಳು:
"ಸಾರಿಗೆ ಜಾಸ್ತಿ, ಉಪ್ಪಿನಕಾಯಿಗೆ ಕಡಿಮೆ."
ಅವಳೂ ಸಮುದ್ರ ನೋಡಿಲ್ಲ, ನಾನೂ.

ಕಣ್ಣಿಗೆ ಬೀಳದವರ ಊಟಕ್ಕೆಂದು
ಒಂದೇ ಒಂದು ಸೀಗಡಿ ಬಿಟ್ಟೆ.
ಮೂರನೇ ದಿನ ನಾತ.
ಅಮ್ಮಿ ಊದುಬತ್ತಿ ಹಚ್ಚಿದಳು, ಇಡೀ ಕಟ್ಟು.

ರಾತ್ರಿ ಪಾಳಿ ಮುಗಿಸಿ ಬಂದು
ಬೆರಳುದ್ದದ ಕೊಳವೆಗೆ ಹನಿ ಹಾಕಿ ಕಾಯುತ್ತೇನೆ.
ಹಸಿರೆಂದರೆ ವಿಷ. ನೇರಳೆಯೆಂದರೆ ಇನ್ನೊಂದು ವಿಷ.
ಆ ವಿಷ ಉಂಡು ಈ ವಿಷ ಹಡೆಯುವವರು
ಕಲ್ಲಿನ ತೂತುಗಳಲ್ಲಿ ಸಂಸಾರ ಹೂಡುತ್ತಿದ್ದಾರೆ,
ನಮ್ಮ ಹಾಗೆ, ಬಾಡಿಗೆಯಿಲ್ಲದೆ.

ಮೇ ತಿಂಗಳು. ಫ್ಯಾನಿನ ಗಾಳಿಯೂ ಸುಡುತ್ತದೆ.
ಐಸು ಕಟ್ಟಿದ ಬಾಟಲಿಯೊಂದು ದೋಣಿಯ ಹಾಗೆ ತೇಲುತ್ತಿದೆ.
ಅದಿರಿನ ಧೂಳು ಗಾಜಿನ ಹೊರಗೆ ಕೂತಲ್ಲಿ
ಮಗಳು ಬೆರಳಲ್ಲಿ ಒಂದು ಮೀನು ಬರೆದಿದ್ದಾಳೆ.
ಒರೆಸಿಲ್ಲ.

ನಿನ್ನೆ ಮೊದಲ ಕೊಳವೆ ಹಳದಿ.
ತೊಳೆದು ಮತ್ತೆ ನೋಡಿದೆ. ಹಳದಿಯೇ.
ನೇರಳೆ ಇನ್ನೂ ಇದೆ, ಇರಲಿ.
ಎರಡು ಗಂಟೆ ರಾತ್ರಿ.
ಯಾರನ್ನೆಬ್ಬಿಸಿ ಹೇಳಲಿ,
ಇದರಲ್ಲಿ ಇವತ್ತು ಏನೂ ಇಲ್ಲ ಅಂತ?