ನೀರುಗಂಟಿ

ಹಾರ್ಲಿಂಗೆನ್ ಬಂದರಿನ ತೂಬು ಕಾದವನು
ನಲವತ್ತೊಂದು ವರ್ಷ. ಈಗ
ಮಂಚದಂಚಿಗೆ ಕೂತು, ಎದ್ದು ನಿಲ್ಲಲು ಅಂಜುತ್ತಾನೆ.
ವೀಬ್ರನ್. ಎಂಬತ್ತೊಂಬತ್ತು.
ಹುಬ್ಬಿನ ಮೇಲೆ ಮೂರು ಹೊಲಿಗೆ,
ಬಚ್ಚಲ ಚಿಲಕ ಬರೆದದ್ದು.

ಎದುರುಗಾಳಿಗೆ ಸೈಕಲ್ ತುಳಿದು ಬಂದ ನಾನು
ತೋಳಿಗೆ ಪಟ್ಟಿ ಸುತ್ತಿದೆ.
ಕೂತಾಗ ನೂರ ಹದಿನೆಂಟು.
ಏಳಿ, ಅಂದೆ. ಎದ್ದ.
ಒಂದು ನಿಮಿಷ. ಎಂಬತ್ತಾರು.
ಅವನ ಕೈ ಗೋಡೆಗೆ ತಡಕಾಡಿತು;
ಗೋಡೆ ತುಸು ಆಚೆ ಸರಿದಿತ್ತು.

ದಿನಕ್ಕೆ ನಾಲ್ಕು ಮಾತ್ರೆ, ಬರೀ ಒತ್ತಡಕ್ಕೇ.
ಮೊದಲನೆಯದನ್ನು ಬರೆದ ಡಾಕ್ಟರು ಮಣ್ಣಾಗಿ ಹನ್ನೆರಡು ವರ್ಷ.
ಆಗ ಇವನಿಗೆ ಅರವತ್ತೆರಡು, ಗೂಳಿಯ ಕುತ್ತಿಗೆ,
ಉಪ್ಪು ಹಚ್ಚಿದ ಹೆರಿಂಗ್ ಮೀನನ್ನು ಬಾಲ ಹಿಡಿದೆತ್ತಿ ನುಂಗುತ್ತಿದ್ದ.
ಆ ಮನುಷ್ಯನಿಗೆ ಬರೆದ ಚೀಟಿ
ಈ ಮನುಷ್ಯನ ಬಾಯಿಗೆ ಬೀಳುತ್ತಲೇ ಇದೆ.

ಒಂದನ್ನು ಅರ್ಧ ಮಾಡೋಣ, ಅಂದಳು ಡಾಕ್ಟರ್ ಹಿಸ್ಕೆ.
ಬೌಕ್ಯೆ ಕಾಫಿ ಲೋಟ ಕೆಳಗಿಟ್ಟಳು. ಇಂಥದೇ ಲೋಟ ಹಿಡಿದಿದ್ದಾಗ
ಇವನ ಅಣ್ಣ ಡೌವೆಯ ಬಾಯಿ ಸೊಟ್ಟಗಾಗಿತ್ತು, ಒಂದು ಭಾನುವಾರ.
"ಏರಿದರೆ?"
ಹಿಸ್ಕೆ ಸುಳ್ಳು ಹೇಳಲಿಲ್ಲ.
"ಏರಬಹುದು. ಬೀಳುವುದನ್ನಂತೂ ಕಣ್ಣಾರೆ ಕಂಡಿದ್ದೇವೆ."

ಆಗ ವೀಬ್ರನ್, ಅದುವರೆಗೂ ತನ್ನ ಚಪ್ಪಲಿ ನೋಡುತ್ತಿದ್ದವ:
"ಕದ ಒಮ್ಮೆಲೇ ತೆರೆದರೆ ದೋಣಿ ಗೋಡೆಗೆ ಬಡಿಯುತ್ತೆ.
ಗೇಣಷ್ಟು ಎತ್ತಬೇಕು. ಹಗ್ಗದ ಮೇಲೆ ಕಣ್ಣಿಡಬೇಕು.
ನೀರು ತನ್ನ ಮಟ್ಟ ಹುಡುಕಿಕೊಳ್ಳುವವರೆಗೆ
ಪೈಪು ಸೇದುತ್ತ ಸುಮ್ಮನಿರಬೇಕು."

ಗೇಣಷ್ಟು ಎತ್ತಿದೆವು.

ಎರಡನೇ ವಾರ ನೂರ ಐವತ್ತಾರು.
ಬೌಕ್ಯೆ ನನ್ನನ್ನೇ ನೋಡಿದಳು.
ನಾನು ಕಿಟಕಿಯಾಚೆ ನೋಡಿದೆ,
ಏರಿಯ ಮೇಲೆ ಕುರಿಗಳು ಗಾಳಿಗೆ ಬೆನ್ನು ಕೊಟ್ಟು ಮೇಯುತ್ತಿದ್ದವು.
ಕಾದೆವು.
ಮೂರನೇ ವಾರ ನೂರ ನಲವತ್ತು; ನಿಂತಾಗ ನೂರ ಇಪ್ಪತ್ತೆಂಟು.
ಆಮೇಲೆ ಇನ್ನೊಂದನ್ನು ಪೂರಾ ಬಿಡಿಸಿದಳು ಹಿಸ್ಕೆ.
ಉಳಿದೆರಡನ್ನು ಮುಟ್ಟಲಿಲ್ಲ.

ಮೊನ್ನೆ ಬಾಗಿಲು ತೆಗೆದದ್ದು ಅವನೇ,
ಊರುಗೋಲನ್ನು ಎಲ್ಲೋ ಮರೆತು.
"ಗಾಳಿ ವಾಯವ್ಯಕ್ಕೆ ತಿರುಗಿದೆ" ಅಂದ,
ಮನೆಯಲ್ಲಿ ಬೇರೆ ಸುದ್ದಿಯೇ ಇಲ್ಲ ಎಂಬಂತೆ.

ಅವನ ಅಂಗಿಗೆ ಗುಂಡಿ ಹಚ್ಚಲು ಬೌಕ್ಯೆ ತೆರೆದ ಡಬ್ಬಿಯಲ್ಲಿ
ಅರ್ಧರ್ಧ ಮಾತ್ರೆಗಳು, ಗುಂಡಿಗಳ ನಡುವೆ ಬೆಳ್ಳಗೆ,
ಒಂದನ್ನೂ ಬಿಸಾಡಿಲ್ಲ.
ಕಂಡೆ. ಎಣಿಸಲಿಲ್ಲ.
ಪಟ್ಟಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.