ಹಿಡಿಗಳ ನಡುವಿನ ಹಲ್ಲು

ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ಜಪ್ಪಯ್ಯ ಎನ್ನಲಿಲ್ಲ.
ಟವೆಲ್ಲು ಸುತ್ತಿ ತಿರುವಿದೆ, ಬಿಸಿನೀರು ಹೊಯ್ದೆ,
ಹೊಸ್ತಿಲಿಗೆ ಕುಟ್ಟಿದೆ, ಬಯ್ದೆ.
ಸದ್ದಿಗೆ ಗೋಡೆಯಾಚೆಯ ಮಾರೀನ್ ಸ್ಟ್ಯಾನಿಫೋರ್ತ್ ಬಂದಳು,
ಎಂಬತ್ತೊಂದು ವಯಸ್ಸು, ಮಂಡಿ ಎರಡೂ ಹೊಸವು.
ಡ್ರಾಯರಿನಿಂದ ನನ್ನದೇ ಕತ್ತರಿ ತೆಗೆದು
ಹಿಡಿಗಳ ನಡುವಿನ ಹಲ್ಲು ತೋರಿಸಿದಳು.

ಏಳು ವರ್ಷ ಇದರಲ್ಲೇ ಕೊತ್ತಂಬರಿ ಹೆಚ್ಚಿದ್ದೇನೆ,
ಹಿಟ್ಟಿನ ಚೀಲದ ಮೂತಿ ಕೊಯ್ದಿದ್ದೇನೆ,
ಬಾಯಿಯ ಹಿಂದೆ ಇನ್ನೊಂದು ಬಾಯಿ ಕಂಡಿರಲಿಲ್ಲ.

ಠಪ್.

ಇಲ್ಲಿ ಅಕ್ರೋಟು ಒಡಿ, ಇಲ್ಲಿ ಬಿಯರಿನ ಬಿರಡಿ,
ಈ ಕಚ್ಚು ಕೋಳಿ ಎಲುಬಿಗೆ,
ಚಪ್ಪಟಿ ತುದಿ ಸಡಿಲಾದ ಸ್ಕ್ರೂವಿಗೆ, ಅಂದಳು.
(ಅವಳ ಶೆಫೀಲ್ಡಿನ ಇಂಗ್ಲಿಷು ನನ್ನ ಕಿವಿಗೆ ಬೀಳುವಷ್ಟರಲ್ಲಿ
ಗುಳೇದಗುಡ್ಡದ ಮಾತಾಗಿರುತ್ತದೆ.)

ಅಲ್ಲಿ ನಮ್ಮಪ್ಪನ ಕತ್ತರಿಗೆ ಒಂದೇ ಧರ್ಮ: ಬಟ್ಟೆ.
ಕಾಗದ ಮುಟ್ಟಿಸಿದರೆ ಗಜಕಡ್ಡಿಯ ಏಟು.
ಬರಿಗತ್ತರಿ ಆಡಸಬ್ಯಾಡ, ಮನ್ಯಾಗ ಜಗಳ ಬೀಳತಾವ.
ಅವ್ವ ಒಮ್ಮೆ ಕದ್ದು ಅದರಲ್ಲೇ ಮೆಣಸಿನಕಾಯಿ ಕೊಯ್ದಳು.
ಯಾರದೋ ಮದುವೆಯ ಕುಪ್ಪಸ ಬೆನ್ನು ಉರಿಸಿತು,
ಅಪ್ಪ ಮೂರು ದಿನ ಮಾತು ಬಿಟ್ಟ.

ಮಾರೀನ್ ನಲವತ್ತು ವರ್ಷ ಕತ್ತರಿ ಜೋಡಿಸಿದವಳು.
ನದಿದಂಡೆಯ ಆ ಕಾರ್ಖಾನೆ ಈಗ ಫ್ಲ್ಯಾಟುಗಳು,
ಕೆಳಗೊಂದು ಕಾಫಿ ಅಂಗಡಿ.
ಮುಚ್ಚಿದ ಕತ್ತರಿಯನ್ನು ದೀಪಕ್ಕೆ ಅಡ್ಡ ಹಿಡಿದಳು:
ನೋಡು, ನಡುವ ಬೆಳಕು ತೂರತೈತಿ.
ಎರಡೂ ಅಲಗು ಒಂಚೂರು ಬಾಗಿರತಾವ.
ಪೂರಾ ಅಂಟಿಕೊಂಡ್ರ ಕತ್ತರಸೂದಿಲ್ಲ, ಜಗೀತಾವ.
ಒಂದ ಚುಕ್ಕಿಯೊಳಗ ಮುಟ್ಟಬೇಕು,
ಆ ಚುಕ್ಕಿ ನಡಕೋತ ಹೋಗಬೇಕು.
ನೆಟ್ಟಗಿದ್ದದ್ದನ್ನ ಸುತ್ತಿಗಿಲೆ ಸೊಟ್ಟ ಮಾಡಾಕ
ನನಗ ಪಗಾರ ಕೊಡತಿದ್ರು!
ನಕ್ಕಳು. ಉಪ್ಪಿನಕಾಯಿ ನೆಕ್ಕಿದಳು.
ಕಣ್ಣಲ್ಲಿ ನೀರು. ಇನ್ನೊಂದು ಹೋಳು ಕೇಳಿದಳು.

ಯಮನೂರ ರಾತ್ರಿಯ ಬಸ್ಸು ಓಡಿಸುತ್ತಾನೆ.
ನನ್ನದು ಬೆಳಗಿನ ಪಾಳಿ, ಆಸ್ಪತ್ರೆಯ ಲಾಂಡ್ರಿ.
ಐದೂಮುಕ್ಕಾಲಿಗೆ ಬಾಗಿಲಲ್ಲಿ ಎದುರಾಗುತ್ತೇವೆ.
ಅನ್ನ ಒಲಿಮ್ಯಾಲೈತಿ.
ಹಾದಿ ಜಾರತೈತಿ, ಜ್ವಾಕಿ.
ಹನ್ನೊಂದು ಚಳಿಗಾಲ ಹೀಗೇ.
ಇದನ್ನು ಸಂಸಾರದ ಲೆಕ್ಕಕ್ಕೆ ಹಿಡಿಯುವುದೋ ಬೇಡವೋ,
ಒದ್ದೆ ಚಾದರಗಳ ನಡುವೆ ಎಷ್ಟೋ ಸಲ ಕೂಡಿ ಕಳೆದಿದ್ದೇನೆ.

ಪೂರ್ತಿ ಅಗಲಿಸಿದರೆ ಕತ್ತರಿ ಎರಡಾಗಿ ಕಳಚಿಕೊಳ್ಳುತ್ತದೆ,
ತೊಳೆಯಲೆಂದು. ಅದನ್ನೂ ಅವಳೇ ತೋರಿಸಿದ್ದು.
ತಿರುಗಣಿಯ ಸಂದಿಯಲ್ಲಿ ಏಳು ವರ್ಷದ ಕೊತ್ತಂಬರಿ,
ಕರ್ರಗೆ, ಗೋಂದಿನ ಹಾಗೆ.
ಸೂಜಿಯಿಂದ ಕೆರೆದು ತೆಗೆದೆ,
ಅಲಗುಗಳನ್ನು ಒಣಗಲು ಬಿಟ್ಟು ಮಲಗಿದೆ.

ಬೆಳಿಗ್ಗೆ ಯಮನೂರ ಜಾಕೆಟ್ಟೂ ತೆಗೆಯದೆ
ಒಂದು ಅಲಗು ಹಿಡಿದು ನಿಂತಿದ್ದ:
ಕತ್ತರಿ ಮುರೀತೇನು?

ಇಲ್ಲ, ಅಂದೆ.
ನನ್ನ ಬಸ್ಸಿಗೆ ಐದೇ ನಿಮಿಷ.
ಇನ್ನೊಂದು ಅಲಗು ಎತ್ತಿಕೊಂಡೆ.
ಬೂಟು ಇರಲಿ, ಬಾ ಇಲ್ಲಿ,
ದೀಪದ ಹತ್ರ.