ಕಿವಿಗುರುತು

ಮಧ್ಯಾಹ್ನ ಮೂರೂವರೆಗೇ ಕತ್ತಲೆ.
ಉತ್ತರ ಐಸ್‌ಲ್ಯಾಂಡಿನ ಜನವರಿಯಲ್ಲಿ
ಹೊತ್ತು ಮೂಡುವುದೇ ಮುಳುಗುವುದಕ್ಕೆ.
ಹಳೆಯ ಫೋಟೋ ಅಳಿಸಲು ಕೂತವಳು
ಪಕ್ಕದ್ದನ್ನು ಒತ್ತಿದೆ.
ಖಾತ್ರಿಯೇ ಎಂದು ಕೇಳಿತು. ಹೌದೆಂದೆ.
ಕೇಳಿದ್ದಕ್ಕೆಲ್ಲ ಹೌದೆನ್ನುವ ಚಾಳಿ ನನ್ನದು.

ಹೋಯಿತು,
ನಮ್ಮ ಕಣಿವೆಯ ಕುರಿಗಳ ಕಿವಿಗುರುತಿನ ಪಟ್ಟಿ.
ನಾನೂರ ಹನ್ನೆರಡು ಮನೆ, ಮನೆಗೊಂದು ಕೊಯ್ತ:
ಎಡಗಿವಿಯ ತುದಿ ಮೊಂಡು, ಬಲಗಿವಿಗೆ ತೂತು,
ಮುಂದಿನಿಂದ ಓರೆ, ಹಿಂದಿನಿಂದ ಎರಡು ಕಚ್ಚು.
ಇಲ್ಲಿ ಕತ್ತರಿಸಿ ತೆಗೆದದ್ದೇ ಅಕ್ಷರ.
ಕಿವಿ ಪೂರ್ತಿ ಇರುವ ಕುರಿ
ಯಾರದೂ ಅಲ್ಲ.

ಬಂದರಿನಲ್ಲಿ ದೋಣಿಗಳ ರೇಡಿಯೋ ರಿಪೇರಿ ಮಾಡುವ
ಹಾಲ್‌ವರ್ದುರ್ ಫೋನಿನಲ್ಲೇ ಗದರಿದ:
ಮುಟ್ಟಬೇಡ. ಅದರ ಮೇಲೆ ಏನೂ ಬರೆಯಬೇಡ.
ಅಳಿದಿಲ್ಲ ಮಾರಾಯ್ತಿ,
ಬಾಗಿಲ ಮೇಲಿನ ಹೆಸರು ಕಿತ್ತಿದ್ದಾರೆ ಅಷ್ಟೆ.
ಬೇರೆ ಯಾರೋ ಬಂದು ಗಂಟುಮೂಟೆ ಇಳಿಸುವವರೆಗೆ
ಒಳಗಿನವರು ಒಳಗೇ.

ಕಂಬಳಿಯಲ್ಲಿ ಸುತ್ತಿ, ಪಕ್ಕದ ಸೀಟಿನಲ್ಲಿ ಕೂರಿಸಿ,
ಬೆಲ್ಟು ಬಿಗಿದು,
ನಲವತ್ತು ಕಿಲೋಮೀಟರು ಹಿಮದ ಮೇಲೆ
ಬಾಣಂತಿಯನ್ನು ಕರೆದೊಯ್ಯುವಂತೆ ಒಯ್ದೆ.

ಅವನ ಅಂಗಡಿಗೆ ಮೀನಿನ ವಾಸನೆ, ಸುಟ್ಟ ಸೀಸದ ವಾಸನೆ.
ರಾತ್ರಿಯಿಡೀ ಇಳಿದು ಬಂದವು ಒಂದೊಂದೇ,
ಹೆಸರಿಲ್ಲದವು, ಬರೀ ನಂಬರಿನವು:
ಅರ್ಧ ಕರೆಂಟು ಬಿಲ್ಲು,
ರೂಬಾರ್ಬ್ ಜಾಮಿನ ಅಳತೆ, ಸಕ್ಕರೆಯ ಸಾಲಿಗೇ ತುಂಡು,
ಗಂಡನಾಗಿದ್ದವನ ಜೀಪು, ಚಕ್ರಗಳು ಮಾತ್ರ,
ಈ ಗುಮಾಸ್ತಿಕೆ ಬೇಡವೆಂದು ನಾನು ಬರೆದ ಪತ್ರ,
ಮೂರು ಸಲ. ಮೂರನೆಯದರಲ್ಲಿ ಕಾಗುಣಿತ ಸರಿಯಿತ್ತು.
ಹಾಲ್‌ವರ್ದುರ್ ಓದದವನಂತೆ ಕಾಫಿ ಬಗ್ಗಿಸಿದ.

ಸೆಪ್ಟೆಂಬರಿನಲ್ಲಿ ಬೆಟ್ಟದಿಂದಿಳಿದ ಹಿಂಡನ್ನು
ದುಂಡನೆಯ ಕಲ್ಲುದೊಡ್ಡಿಯಲ್ಲಿ ಕೂಡಿ,
ಕಿವಿ ಹಿಡಿದು ನೋಡಿ, ಅವರವರ ಗೂಡಿಗೆ ನೂಕುವ ಹಾಗೆ
ನಾವಿಬ್ಬರೂ ನೂಕಿದೆವು, ಬೆಳಗಿನ ಜಾವದವರೆಗೆ:
ಇದು ನಿನ್ನದೇ? ನನ್ನದು. ಇದು? ನನ್ನದೇ, ಬೇಡ.

ಮೂರೂಕಾಲಿಗೆ ಪಟ್ಟಿ ಸಿಕ್ಕಿತು.
ಎರಡು ವರ್ಷ ಹಳೆಯದು.
ಹೊಸದರ ಜಾಗದಲ್ಲಿ ಆಗಲೇ ಯಾವುದೋ
ಹವಾಮಾನದ ಚಿತ್ರ ಬಂದು ಮಲಗಿತ್ತು.

ಹಾಗಾಗಿ ಮಾರ್ಚ್ ತುಂಬ ಫೋನು.
ಕುರಿ ಮಾರಿ ಟ್ರ್ಯಾಕ್ಟರ್ ಕೊಂಡವರು,
ಗುರುತನ್ನು ಸೊಸೆಗೆ ಕೊಟ್ಟವರು,
'ತೆಗೆದುಬಿಡು' ಎಂದು ನಕ್ಕ ಸೋಲ್‌ಬ್ಯೋರ್ಗ್,
ನಕ್ಕ ಮೇಲೆ ಫೋನಿಡದೆ ಸುಮ್ಮನೆ ನಿಂತ ಸೋಲ್‌ಬ್ಯೋರ್ಗ್.
ಅಂದು ಅಳಿಸಿದ್ದು ಕೈತಪ್ಪಿ, ನಾನೂರ ಹನ್ನೆರಡು ಒಟ್ಟಿಗೆ.
ಇಂದು ಕೈಯಾರೆ, ಒಂದೊಂದಾಗಿ.
ಅರವತ್ತೊಂದು.

ಈಸ್ಲೇಫುರ್ ತೀರಿ ಒಂದು ವರ್ಷ, ಹಿಂದೆಮುಂದೆ ಯಾರಿಲ್ಲ.
ಹೋದ ವಸಂತದಲ್ಲೇ ಅವನ ಸಾಲು ತೆಗೆದಿದ್ದೆ,
ಎರಡು ಫೋನುಗಳ ನಡುವೆ, ಬ್ರೆಡ್ಡು ಅಗಿಯುತ್ತಾ.
ಈಗ ಮತ್ತೆ ಬಂದು ಕೂತಿದ್ದಾನೆ ಮೂವತ್ತೆಂಟನೇ ಪುಟದಲ್ಲಿ:
ಬಲಗಿವಿ ಸೀಳು, ಎಡಗಿವಿಗೆ ಹಿಂದಿನಿಂದ ಕಚ್ಚು.
ಮರೆತೆ ಎಂದೇ ಎಲ್ಲರಿಗೂ ಹೇಳಿದ್ದೇನೆ.
ಪುಸ್ತಕ ಅಚ್ಚಾಯಿತು.

ಆ ಸೆಪ್ಟೆಂಬರು, ಹಿಂಡಿನ ಕೊನೆಗೆ,
ಎರಡು ವರ್ಷದ ಉಣ್ಣೆ ಹೊತ್ತ ಒಂದು ಮುದಿಕುರಿ
ಯಾರ ನಾಯಿಗೂ ಕ್ಯಾರೆ ಅನ್ನದೆ ಇಳಿದು ಬಂತು.
ಹುಡುಗರು ಕಿವಿ ಹಿಡಿದರು, ಒಬ್ಬರ ಮುಖ ಒಬ್ಬರು ನೋಡಿದರು.
ಯಾರದಿದು?
ಪುಸ್ತಕ ತೆರೆಯಲಿಲ್ಲ ನಾನು.
ಸೀಳಿನ ಅಂಚಿಗೆ ಕೂದಲು ಬೆಳೆದಿತ್ತು,
ಹೆಬ್ಬೆರಳು ಅಲ್ಲಿ ಸರಿಯಾಗಿ ಕೂತಿತು.
ಗಟ್ಟಿಯಾಗಿ ಹೆಸರು ಹೇಳಿದೆ.

ಆ ಹೆಸರಿನ ಗೂಡಿಲ್ಲ ದೊಡ್ಡಿಯಲ್ಲಿ.
ನಡುವೆ ನಿಂತು ಅದು
ಕಲ್ಲುಸಂದಿನ ಹುಲ್ಲು ಕೀಳತೊಡಗಿತು.